ಕಲಾಶಾಲೆ ಸೇರುವ ಮುಂಚಿನ ನಾಲ್ಕು ತಿಂಗಳು: ದಿನಾ ಚಿತ್ರ ತೆಗೆಯುವ ರೂಢಿ ಹೀಗೆ ಮಾಡಿಕೊಳ್ಳಿ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದ ಹಾಗೆ ನನ್ನ ಫೋನಿಗೆ ಒಂದೇ ಪ್ರಶ್ನೆ ಬರಲು ಶುರುವಾಗುತ್ತದೆ. “ಸರ್, ಬಿವಿಎ ಸೇರಬೇಕಂತ ಮಾಡೀನ್ರಿ. ಅಲ್ಲೀತನಕ ಏನ್ ಪ್ರ್ಯಾಕ್ಟೀಸ್ ಮಾಡ್ಬೇಕ್ರಿ?” ಕೊಪ್ಪಳ, ಗಂಗಾವತಿ, ಕುಷ್ಟಗಿ, ಸಿಂಧನೂರು, ಸಿರುಗುಪ್ಪ, ಊರು ಬೇರೆ ಬೇರೆ, ಪ್ರಶ್ನೆ ಅದೇ. ಅದರ ಬೆನ್ನಿಗೇ ವಾಟ್ಸ್ಆ್ಯಪ್‌ನಲ್ಲಿ ಒಂದು ಚಿತ್ರ ಬರುತ್ತದೆ. ಬಹಳ ಸಲ ಅದು ಯಾರಾದರೂ ನಟನ ಮುಖ. ಫೋಟೊ ಮೇಲೆ ಚೌಕಳಿ ಹಾಕಿ, ಹಾಳೆ ಮೇಲೂ ಚೌಕಳಿ ಹಾಕಿ, ಹುಬ್ಬಿನ ಕೂದಲು ಬಿಡದೆ ಇಳಿಸಿದ ಮುಖ. ಕೈ ಚೆನ್ನಾಗಿದೆ, ತಾಳ್ಮೆಯೂ ಇದೆ. ಆದರೆ ಅದೇ ಹುಡುಗನ ಮುಂದೆ ಒಂದು ತಂಬಿಗೆ ಇಟ್ಟು ‘ತೆಗಿ’ ಅಂದರೆ ತಂಬಿಗೆ ಒಂದು ಕಡೆ ವಾಲಿಕೊಂಡು ಕೂರುತ್ತದೆ.

ಕಲಾಶಾಲೆಯ ಪ್ರವೇಶದ ದಿನ ನಿಮ್ಮ ಮುಂದೆ ಇಡುವುದು ಸಾಮಾನ್ಯವಾಗಿ ಆ ತಂಬಿಗೆಯನ್ನೇ, ಅಥವಾ ಗಡಿಗೆ, ಬಟ್ಟೆ, ಕುಂತ ಮನುಷ್ಯ. ಈ ಬರಹ ಫೋಟೊ ಬಿಟ್ಟು ವಸ್ತು ನೋಡಲು ಕಲಿಯುವ ಬಗ್ಗೆ. ದಿನಕ್ಕೆ ಮುಕ್ಕಾಲು ಗಂಟೆ, ಮಾರ್ಚ್ ಕೊನೆಯಿಂದ ಜುಲೈವರೆಗೆ. ನಿಮಗೆ ಎರಡೇ ತಿಂಗಳು ಉಳಿದಿದ್ದರೂ ಕ್ರಮ ಇದೇ, ಪ್ರತಿ ಹಂತಕ್ಕೆ ಕೊಡುವ ದಿನಗಳನ್ನು ಅರ್ಧ ಮಾಡಿಕೊಳ್ಳಿ.

ಮೊದಲು ಒಂದೆರಡು ಮಾತಿನ ಅರ್ಥ. ಬಿವಿಎ ಅಂದರೆ ಬ್ಯಾಚುಲರ್ ಆಫ್ ವಿಷುಯಲ್ ಆರ್ಟ್ಸ್, ದೃಶ್ಯಕಲೆಯ ನಾಲ್ಕು ವರ್ಷದ ಪದವಿ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕಾಲೇಜು, ‘ಕಾವಾ’ ಎಂದು ಎಲ್ಲರೂ ಕರೆಯುವ ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಮಹಾವಿದ್ಯಾಲಯ, ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ, ಇವು ನಮ್ಮ ಕಡೆಯ ಮಕ್ಕಳು ಹೆಚ್ಚು ಕೇಳುವ ಹೆಸರುಗಳು. ಕಲಬುರಗಿಯಲ್ಲೂ ಕಲಾಶಾಲೆ ಇವೆ. ಒಂದೊಂದು ಕಡೆ ಒಂದೊಂದು ಪದ್ಧತಿ. ಕೆಲವರು ಪ್ರವೇಶ ಪರೀಕ್ಷೆ ಇಡುತ್ತಾರೆ, ಕೆಲವರು ಪೋರ್ಟ್‌ಫೋಲಿಯೊ ನೋಡುತ್ತಾರೆ, ಕೆಲವರು ಎರಡೂ. ಪೋರ್ಟ್‌ಫೋಲಿಯೊ ಅಂದರೆ ನಿಮ್ಮ ಕೆಲಸದಲ್ಲಿ ಆರಿಸಿ ಜೋಡಿಸಿದ ಕಟ್ಟು. ಆ ವರ್ಷದ ಪ್ರಾಸ್ಪೆಕ್ಟಸ್ ತರಿಸಿ ಓದಿ. ಹಿಂದಿನ ವರ್ಷ ಸೇರಿದ ಅಣ್ಣ ಹೇಳಿದ್ದನ್ನೇ ನಂಬಿ ಕೂಡಬೇಡಿ.

ಬೇಕಾಗುವ ಸಾಮಾನು

ಹೆಚ್ಚು ಬೇಕಿಲ್ಲ. ಪೆನ್ಸಿಲ್ ಎಚ್‌ಬಿ, 2ಬಿ, 4ಬಿ, 6ಬಿ ಒಂದೊಂದು. ‘ಬಿ’ ಮುಂದಿನ ಅಂಕಿ ಏರಿದಷ್ಟೂ ಸೀಸ ಮೆತ್ತಗೆ, ಗೆರೆ ಕಪ್ಪು. ಅಪ್ಸರಾ, ಕ್ಯಾಮ್ಲಿನ್ ಯಾವುದಾದರೂ ಆದೀತು. ಒಂದು ರಬ್ಬರ್. ಚೂಪು ಮಾಡಲು ಬ್ಲೇಡ್ ಅಥವಾ ಸಣ್ಣ ಚಾಕು. ಶಾರ್ಪನರ್ ಸೀಸದ ತುದಿಯನ್ನು ಗಿಡ್ಡ ಮಾಡುತ್ತದೆ, ಚಾಕುವಿನಿಂದ ಕೆತ್ತಿದರೆ ಉದ್ದ ತುದಿ ಸಿಗುತ್ತದೆ, ಅದನ್ನು ಮಲಗಿಸಿ ಅಗಲವಾದ ನೆರಳನ್ನೂ ತುಂಬಬಹುದು. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ಎ4 ಹಾಳೆಯ ಒಂದು ಕಟ್ಟು, ಅದರಲ್ಲಿ 500 ಹಾಳೆ ಇರುತ್ತವೆ, ನಾಲ್ಕು ತಿಂಗಳಿಗೆ ಸಾಕು. ವಾರಕ್ಕೊಂದು ದೊಡ್ಡ ಕೆಲಸಕ್ಕೆ ಕಾರ್ಟ್ರಿಜ್ ಶೀಟ್, ಅಂದರೆ ಸ್ವಲ್ಪ ದಪ್ಪ, ತುಸು ಒರಟು ಮೈಯ ಡ್ರಾಯಿಂಗ್ ಹಾಳೆ. ಹಾಳೆಗಿಂತ ದೊಡ್ಡದಾದ ಒಂದು ಪ್ಲೈವುಡ್ ತುಂಡು, ನಾಲ್ಕು ಕ್ಲಿಪ್. ಕ್ಲಿಪ್ ಎರಡೇ ಸಾಕು ಅನ್ನಿಸುತ್ತದೆ, ಫ್ಯಾನ್ ಹಾಕಿದ ಮೇಲೆ ಗೊತ್ತಾಗುತ್ತದೆ.

ಹಳೆಯ ದಿನಪತ್ರಿಕೆಗಳನ್ನು ರದ್ದಿಗೆ ಹಾಕಬೇಡಿ, ಮೊದಲ ವಾರ ಅವೇ ನಿಮ್ಮ ಹಾಳೆ.

ಚಾರ್ಕೋಲ್ ಅಂದರೆ ಚಿತ್ರಕ್ಕೆ ಬಳಸುವ ಇದ್ದಿಲು ಕಡ್ಡಿ. ಕೊಪ್ಪಳದಲ್ಲಿ ಒಳ್ಳೆಯದು ಸಿಗದಿದ್ದರೆ ಮನೆಯಲ್ಲೇ ಮಾಡಿಕೊಳ್ಳಬಹುದು. ದ್ರಾಕ್ಷಿ ಬಳ್ಳಿಯ ಕಡ್ಡಿ ಇದಕ್ಕೆ ಹೆಸರುವಾಸಿ. ನಮ್ಮ ಜಿಲ್ಲೆಯಲ್ಲಿ ತೋಟಗಳಿವೆ, ಚಾಟನಿ ಮಾಡಿದಾಗ, ಅಂದರೆ ಬಳ್ಳಿ ಸವರಿದಾಗ, ಬಿದ್ದ ಕಡ್ಡಿಗಳನ್ನು ಕೇಳಿ ತನ್ನಿ. ಪೆನ್ಸಿಲ್ ದಪ್ಪದವು ಆರಿಸಿ, ಸಿಪ್ಪೆ ಕೆರೆದು, ಗೇಣುದ್ದ ಕತ್ತರಿಸಿ, ಚೆನ್ನಾಗಿ ಒಣಗಿಸಿ. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಒತ್ತಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ಒಂದು ತೂತು ಹೊಡೆದು ಒಲೆಯ ಕೆಂಡದಲ್ಲಿಡಿ. ತೂತಿನಿಂದ ಹೊಗೆ ಬರುತ್ತದೆ, ಕೆಲವೊಮ್ಮೆ ಅದಕ್ಕೇ ಉರಿ ಹತ್ತುತ್ತದೆ. ಹೊಗೆ ಪೂರಾ ನಿಂತ ಮೇಲೆ ಹೊರತೆಗೆಯಿರಿ. ಎಚ್ಚರ: ಡಬ್ಬಿ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ತೆಗೆಯಬೇಡಿ. ಬಿಸಿ ಇರುವಾಗ ತೆಗೆದರೆ ಗಾಳಿ ತಾಗಿ ಒಳಗಿನ ಕಡ್ಡಿಗೆ ಬೆಂಕಿ ಹತ್ತಿ, ಕೈಗೆ ಬೂದಿ ಸಿಗುತ್ತದೆ. ಮನೆಯ ದೊಡ್ಡವರು ಹತ್ತಿರ ಇರುವಾಗಲೇ, ಬಯಲಲ್ಲಿ ಮಾಡಿ.

24 ಪೆನ್ಸಿಲ್‌ಗಳ ತಗಡಿನ ಪೆಟ್ಟಿಗೆ, ಎಲೆಕ್ಟ್ರಿಕ್ ರಬ್ಬರ್, ಮರದ ಮನುಷ್ಯಗೊಂಬೆ ಇವನ್ನೆಲ್ಲ ಕೊಳ್ಳಬೇಡಿ. ಆ ದುಡ್ಡಿಗೆ ಹಾಳೆ ತನ್ನಿ.

ಹಂತ 1: ಹೊತ್ತು ಮತ್ತು ಜಾಗ ಗೊತ್ತುಮಾಡಿ

ನಮ್ಮ ಬೇಸಿಗೆಯಲ್ಲಿ ಇದು ಸಣ್ಣ ವಿಷಯವಲ್ಲ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ಮುಟ್ಟುವ ಊರಿನಲ್ಲಿ ಮಧ್ಯಾಹ್ನ ಕೂತು ಚಿತ್ರ ತೆಗೆಯುತ್ತೇನೆ ಅನ್ನುವವರು ಮೂರನೇ ದಿನಕ್ಕೆ ಬಿಡುತ್ತಾರೆ. ಬೆವರಿದ ಮುಂಗೈ ಹಾಳೆಗೆ ಅಂಟಿ ಪೆನ್ಸಿಲ್ ಎಲ್ಲ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ 6ರಿಂದ 6:45 ನನ್ನ ಸಲಹೆ. ತಂಪು, ಮನೆಯಲ್ಲಿ ಗದ್ದಲ ಕಡಿಮೆ, ಎಲ್ಲಕ್ಕಿಂತ ಮುಖ್ಯವಾಗಿ ಬೆಳಕು ಒಂದೇ ಕಡೆಯಿಂದ ಬೀಳುತ್ತದೆ. ಕೈ ಕೆಳಗೆ ಯಾವಾಗಲೂ ಒಂದು ಚೂರು ಹಾಳೆ ಇಟ್ಟುಕೊಳ್ಳಿ.

ಪಡಸಾಲೆಯ ಮೂಲೆ, ಕಿಟಕಿ ಬದಿ, ಮನೆ ಮುಂದಿನ ಕಟ್ಟೆ, ಎಲ್ಲಾದರೂ ಸರಿ, ಜಾಗ ದಿನಾ ಅದೇ ಇರಲಿ. ಹಿಂದಿನ ರಾತ್ರಿಯೇ ಹಲಗೆಗೆ ಹಾಳೆ ಸಿಕ್ಕಿಸಿ, ನಾಳೆ ತೆಗೆಯುವ ವಸ್ತುವನ್ನು ಎದುರಿಗಿಟ್ಟು ಮಲಗಿ. ಬೆಳಿಗ್ಗೆ ಎದ್ದು ‘ಇವತ್ತು ಏನು ತೆಗೆಯಲಿ’ ಎಂದು ಯೋಚಿಸುತ್ತ ಕೂತರೆ ಕೈ ಫೋನಿಗೆ ಹೋಗುತ್ತದೆ, ಅಲ್ಲಿಗೆ ಆ ದಿನ ಮುಗಿಯಿತು.

ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು, ಹಿಡಿದ ಸಮಯ ಬರೆಯಿರಿ. ಹಾಳೆ ಎಷ್ಟೇ ಕೆಟ್ಟಿರಲಿ, ಹರಿಯಬೇಡಿ. ಮದುವೆ, ಜಾತ್ರೆ, ಜ್ವರ ಅಂತ ಒಂದು ದಿನ ತಪ್ಪಿದರೆ ಮಾರನೇ ದಿನ ಎರಡು ಪಟ್ಟು ಮಾಡಲು ಹೋಗಬೇಡಿ, ಅವತ್ತಿನದಷ್ಟೇ ಮಾಡಿ. ಸಾಲ ತೀರಿಸುವ ಲೆಕ್ಕಕ್ಕೆ ಬಿದ್ದರೆ ನಾಲ್ಕನೇ ದಿನಕ್ಕೆ ಬೇಸರ ಬಂದುಬಿಡುತ್ತದೆ.

ಹಂತ 2: ಕೈ ಬಿಡಿಸುವುದು (ಮೊದಲ ವಾರ)

ಶಾಲೆಯಲ್ಲಿ ಬರೆದು ಬರೆದು ನಮ್ಮ ಕೈಗೆ ಮಣಿಕಟ್ಟಿನಿಂದ ಮಾತ್ರ ಆಡುವ ಚಾಳಿ. ಚಿತ್ರಕ್ಕೆ ಮೊಣಕೈ, ಹೆಗಲು ಆಡಬೇಕು. ದಿನಪತ್ರಿಕೆಯ ಹಾಳೆಯನ್ನು ಗೋಡೆಗೆ ಅಂಟಿಸಿ, ನಿಂತುಕೊಂಡು ಇದ್ದಿಲಿನಿಂದ ಅಡ್ಡ, ಉದ್ದ, ಓರೆ ಗೆರೆ ಎಳೆಯಿರಿ. ಎರಡು ಚುಕ್ಕೆ ಇಟ್ಟು ಒಂದೇ ಎಳೆತದಲ್ಲಿ ಸೇರಿಸಿ. ವೃತ್ತ, ಮೊಟ್ಟೆಯಾಕಾರ. ರಂಗೋಲಿ ಹಾಕುವವರಿಗೆ ಇದು ಬೇಗ ಒಲಿಯುತ್ತದೆ, ಅವರ ಕೈ ಆಗಲೇ ಹೆಗಲಿನಿಂದ ಆಡುತ್ತಿರುತ್ತದೆ. ಹದಿನೈದು ನಿಮಿಷ ಇದು, ಉಳಿದ ಅರ್ಧ ಗಂಟೆ ಮುಂದಿನ ಹಂತದ್ದು. ವಾರದ ನಂತರ ಇದನ್ನು ಐದು ನಿಮಿಷಕ್ಕೆ ಇಳಿಸಿ.

ಹಂತ 3: ಹಾಳೆ ನೋಡದೆ ಹೊರಗೆರೆ (ಹತ್ತು ದಿನ)

ಕಲಾಶಾಲೆಯವರು ಇದನ್ನು ಕಾಂಟೂರ್ ಅನ್ನುತ್ತಾರೆ, ವಸ್ತುವಿನ ಅಂಚು ಹಿಡಿದು ಹೋಗುವ ಗೆರೆ. ನಿಮ್ಮ ಎಡಗೈಯನ್ನು ಎದುರಿಗಿಡಿ. ಕಣ್ಣು ಕೈಯ ಅಂಚಿನ ಮೇಲೆ ಇರುವೆ ಹರಿದ ಹಾಗೆ ಹರಿಯಲಿ, ಪೆನ್ಸಿಲ್ ಅದೇ ವೇಗದಲ್ಲಿ ಹಾಳೆಯ ಮೇಲೆ ಹೋಗಲಿ. ಹಾಳೆಯನ್ನು ಮಾತ್ರ ನೋಡಕೂಡದು. ಐದು ನಿಮಿಷ. ಬಂದದ್ದು ಕೈಯ ಹಾಗೆ ಕಾಣುವುದಿಲ್ಲ, ಒಣಗಿದ ಶುಂಠಿ ತರಹ ಇರುತ್ತದೆ. ಮನೆಯವರು ನಗುತ್ತಾರೆ, ನಗಲಿ. ಈ ಅಭ್ಯಾಸದಲ್ಲಿ ನೀವು ತಯಾರು ಮಾಡುತ್ತಿರುವುದು ಕಣ್ಣನ್ನು.

ಐದು ದಿನ ಹೀಗೆ ಮಾಡಿ, ಆಮೇಲೆ ಆಗಾಗ ಹಾಳೆ ನೋಡುತ್ತ ತೆಗೆಯಿರಿ. ಚಪ್ಪಲಿ, ಕೀಲಿ ಗೊಂಚಲು, ಬಾಗಿಲ ಹಿಂದೆ ತೂಗುಹಾಕಿದ ಅಂಗಿ, ಹುಣಸೆಕಾಯಿ. ಕಟಕ ರೊಟ್ಟಿ ಒಂದನ್ನು ತೆಗೆದು ನೋಡಿ. ದುಂಡಗೆ ಒಂದು ಗೆರೆ ಎಳೆದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಅದರ ಅಂಚು ಎಲ್ಲಿ ಏಳುತ್ತದೆ, ಎಲ್ಲಿ ಮಡಚುತ್ತದೆ ಅಂತ ಹಿಂಬಾಲಿಸಿದರೆ ಅರ್ಧ ಗಂಟೆ ಸಾಲುವುದಿಲ್ಲ.

ಈ ಹಂತದಲ್ಲಿ ಒಂದು ದಿನ ಬಿಟ್ಟು ಒಂದು ದಿನ ಬಾಲ್‌ಪೆನ್ ಬಳಸಿ. ಅಳಿಸಲು ಬರುವುದಿಲ್ಲ ಅಂದಾಗ ಗೆರೆ ಎಳೆಯುವ ಮುಂಚೆ ಕಣ್ಣು ಎರಡು ಸಲ ನೋಡುತ್ತದೆ.

ಸಾಮಾನ್ಯ ತಪ್ಪು: ಕೂದಲೆಳೆಯಂಥ ಚೂರು ಗೆರೆಗಳನ್ನು ಒಂದರ ಮೇಲೊಂದು ಎಳೆದು ಅಂಚು ಮಾಡುವುದು. ಧೈರ್ಯ ಸಾಲದಾಗ ಕೈ ಹೀಗೆ ಮಾಡುತ್ತದೆ. ಒಂದು ಗೆರೆ ತಪ್ಪಾಯಿತಾ? ಅದನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸರಿಯಾದ ಗೆರೆ ಎಳೆಯಿರಿ.

ಹಂತ 4: ಅಳೆಯುವುದು (ಎರಡು ವಾರ)

ನನ್ನ ಕೇಳಿದರೆ ಇಡೀ ತಯಾರಿಯ ಬೆನ್ನೆಲುಬು ಇದು. ಇಲ್ಲಿ ಅವಸರ ಬೇಡ.

ಪೆನ್ಸಿಲ್ ಹಿಡಿದ ಕೈಯನ್ನು ಮುಂದೆ ಪೂರ್ತಿ ಚಾಚಿ, ಮೊಣಕೈ ಮಡಚಬಾರದು. ಒಂದು ಕಣ್ಣು ಮುಚ್ಚಿ. ಪೆನ್ಸಿಲ್ ತುದಿಯನ್ನು ತಂಬಿಗೆಯ ಬಾಯಿಯ ಒಂದು ಅಂಚಿಗೆ ಹೊಂದಿಸಿ, ಇನ್ನೊಂದು ಅಂಚು ಬರುವಲ್ಲಿ ಹೆಬ್ಬೆರಳಿಡಿ. ಇದು ಬಾಯಿಯ ಅಗಲ. ಇದೇ ಅಳತೆಯನ್ನು ತಂಬಿಗೆಯ ಎತ್ತರಕ್ಕೆ ಹಿಡಿದು ನೋಡಿ, ಎಷ್ಟು ಸಲ ಹಿಡಿಸುತ್ತದೆ? ಒಂದೂವರೆಯಾ, ಎರಡಾ? ಹೊಟ್ಟೆಯ ಅಗಲ ಬಾಯಿಗಿಂತ ಎಷ್ಟು ಹೆಚ್ಚು? ಹಾಳೆಯ ಮೇಲೆ ಬಾಯಿಯನ್ನು ನಿಮಗೆ ಬೇಕಾದಷ್ಟು ದೊಡ್ಡದಾಗಿ ತೆಗೆಯಬಹುದು, ಆದರೆ ಎತ್ತರ ಅದರ ಅಷ್ಟೇ ಪಟ್ಟು ಇರಬೇಕು. ನಾವು ಅಳೆಯುತ್ತಿರುವುದು ಇಂಚನ್ನಲ್ಲ, ಒಂದಕ್ಕೆ ಇನ್ನೊಂದು ಎಷ್ಟು ಪಟ್ಟು ಎಂಬುದನ್ನು. ಕಲಾಶಾಲೆಯಲ್ಲಿ ‘ಪ್ರಪೋರ್ಷನ್ ತಪ್ಪಿದೆ’ ಅಂದರೆ ಈ ಪಟ್ಟು ತಪ್ಪಿದೆ ಅಂತ.

ಅಳೆಯುವಾಗ ಮುಂದಕ್ಕೆ ಬಗ್ಗಿದರೆ, ಮೊಣಕೈ ತುಸು ಮಡಚಿದರೆ ಲೆಕ್ಕ ಎಲ್ಲ ಕೆಡುತ್ತದೆ. ಗೋಡೆಗೆ ಬೆನ್ನು ಕೊಟ್ಟು ಕೂತರೆ ಈ ತೊಂದರೆ ಇಲ್ಲ.

ಇನ್ನು ತಂಬಿಗೆಯ ಬಾಯಿ. ಅದು ದುಂಡಗಿದೆ ಅಂತ ನಮಗೆ ಗೊತ್ತು, ಕಣ್ಣಿಗೆ ಕಾಣುವುದು ಚಪ್ಪಟೆಯಾದ ಅಂಡಾಕಾರ. ಇದಕ್ಕೆ ಎಲಿಪ್ಸ್ ಅನ್ನುತ್ತಾರೆ. ಎರಡು ತಪ್ಪುಗಳನ್ನು ವರ್ಷಾ ವರ್ಷ ನೋಡುತ್ತೇನೆ. ಒಂದು, ಅಂಡಾಕಾರದ ಎರಡು ತುದಿಗಳನ್ನು ಮೀನಿನ ಬಾಯಿಯ ಹಾಗೆ ಚೂಪು ಮಾಡುವುದು. ಎಷ್ಟೇ ಚಪ್ಪಟೆಯಾದರೂ ತುದಿ ದುಂಡಗೇ ತಿರುಗುತ್ತದೆ. ಎರಡು, ತಳವನ್ನು ಸಪಾಟು ಗೆರೆಯಾಗಿ ಎಳೆಯುವುದು. ತಂಬಿಗೆ ನೆಲದ ಮೇಲೆ ಕೂತಿದೆ, ನೆಲ ಸಪಾಟು, ಹಾಗಾಗಿ ಗೆರೆಯೂ ಸಪಾಟು ಅಂತ ತಲೆ ಹೇಳುತ್ತದೆ. ಕಣ್ಣು ಕೇಳಿ ನೋಡಿ: ತಳ ನಿಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿದೆ, ಅದಕ್ಕೇ ಅದರ ಬಾಗು ಬಾಯಿಯದಕ್ಕಿಂತ ಹೆಚ್ಚು.

ಇದನ್ನು ಕಲ್ಲಿನಲ್ಲಿ ನೋಡಬೇಕೆಂದರೆ ಒಂದು ಭಾನುವಾರ ಕುಕನೂರು ತಾಲ್ಲೂಕಿನ ಇಟಗಿಗೆ ಹೋಗಿ. 1112ರಲ್ಲಿ ಕಟ್ಟಿದ ಮಹಾದೇವ ದೇವಾಲಯದ ಮಂಟಪದಲ್ಲಿ ಕಡೆದ ಕಂಬಗಳಿವೆ, ಮೈತುಂಬ ಬಳೆ ತೊಡಿಸಿದ ಹಾಗೆ ಸುತ್ತುಗಳು. ಕಂಬದ ಮುಂದೆ ಕೂತುಕೊಳ್ಳಿ. ಕಣ್ಣಿಗಿಂತ ಮೇಲಿನ ಸುತ್ತುಗಳು ಮೇಲಕ್ಕೆ ಬಾಗಿರುತ್ತವೆ, ಕೆಳಗಿನವು ಕೆಳಕ್ಕೆ, ಸರಿಯಾಗಿ ಕಣ್ಣಿನ ಮಟ್ಟದಲ್ಲಿರುವುದು ನೆಟ್ಟಗೆ. ಎದ್ದು ನಿಂತರೆ ಆ ನೆಟ್ಟನೆಯ ಸುತ್ತೂ ನಿಮ್ಮ ಜೊತೆ ಮೇಲೇರುತ್ತದೆ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ತಲೆಗೆ ಹೋಗದ್ದು ಆ ಒಂದು ಕಂಬದಲ್ಲಿ ಹೋಗುತ್ತದೆ.

ಅಳತೆಯ ಜೊತೆಗೇ ಕಲಿಯಬೇಕಾದ ಇನ್ನೊಂದು ಉಪಾಯ: ವಸ್ತುಗಳ ನಡುವಿನ ತೆರಪನ್ನು ನೋಡುವುದು. ಎರಡು ತಂಬಿಗೆಗಳ ನಡುವೆ ಉಳಿದ ಜಾಗಕ್ಕೂ ಒಂದು ಆಕಾರ ಇದೆ. ಕುರ್ಚಿಯ ಕಾಲುಗಳ ನಡುವಿನ ಖಾಲಿಯನ್ನಷ್ಟೇ ತೆಗೆಯಿರಿ, ಕುರ್ಚಿ ತಾನೇ ಬಂದು ನಿಲ್ಲುತ್ತದೆ.

ಹಂತ 5: ಬೆಳಕು, ನೆರಳು (ಮೂರು ವಾರ)

ಮೊದಲು ಒಂದು ಪಟ್ಟಿ ಮಾಡಿಕೊಳ್ಳಿ. ಸಾಲಾಗಿ ಐದು ಚೌಕ. ಮೊದಲನೆಯದು ಬರೀ ಹಾಳೆ, ಕೊನೆಯದು 6ಬಿಯಿಂದ ಆದಷ್ಟು ಕಪ್ಪು, ನಡುವೆ ಮೂರು ಮಟ್ಟಿಲು. ಈ ಮಟ್ಟಿಲುಗಳಿಗೆ ಟೋನ್ ಅನ್ನುತ್ತಾರೆ. ನಮ್ಮ ಮಕ್ಕಳ ಚಿತ್ರಗಳು ಮಂಕಾಗಿ ಕಾಣುವುದಕ್ಕೆ ಕಾರಣ ಸರಳ: ಎಚ್‌ಬಿ ಒಂದರಲ್ಲೇ ಎಲ್ಲ ಮುಗಿಸುತ್ತಾರೆ, ಐದನೇ ಚೌಕದ ಕಪ್ಪಿಗೆ ಹೋಗುವ ಧೈರ್ಯ ಮಾಡುವುದಿಲ್ಲ.

ಮೊದಲ ಮಾದರಿ ಯಾವುದು? ಸ್ಟೀಲ್ ಪಾತ್ರೆ ಬೇಡವೇ ಬೇಡ, ಅದರಲ್ಲಿ ಇಡೀ ಅಡುಗೆಮನೆ ಮಿರುಗುತ್ತದೆ. ಮೊಟ್ಟೆ ಒಳ್ಳೆಯದು. ಮನೆಯಲ್ಲಿ ಮೊಟ್ಟೆ ತರುವುದಿಲ್ಲ ಅಂದರೆ ಅವ್ವ ರೊಟ್ಟಿ ಬಡಿಯುವಾಗ ನಾದಿದ ಜೋಳದ ಹಿಟ್ಟಿನ ಒಂದು ಉಂಡೆ ಕೇಳಿ. ತಿಳಿ ಬಣ್ಣ, ಹೊಳಪಿಲ್ಲ, ದುಂಡು. ಕಿಟಕಿಯ ಬೆಳಕು ಒಂದೇ ಕಡೆಯಿಂದ ಬೀಳುವಂತೆ ಇಟ್ಟು, ಲೈಟ್ ಆರಿಸಿ.

ಕಣ್ಣು ಕಿರಿದು ಮಾಡಿ ನೋಡಿ, ಸಣ್ಣಪುಟ್ಟ ವಿವರ ಮಾಯವಾಗಿ ಬೆಳಕಿನ ಭಾಗ, ನೆರಳಿನ ಭಾಗ ಎರಡೇ ಉಳಿಯುತ್ತವೆ. ಅವೆರಡರ ನಡುವಿನ ಗಡಿಯನ್ನು ಮೊದಲು ತೆಳ್ಳಗೆ ಗುರುತು ಹಾಕಿ. ಆಮೇಲೆ ನೆರಳಿನ ಭಾಗವನ್ನೆಲ್ಲ ಒಂದೇ ಟೋನ್‌ನಿಂದ ತುಂಬಿ. ಅಷ್ಟಾದ ಮೇಲೆ ಒಳಗಿನ ವ್ಯತ್ಯಾಸಗಳು: ಉಂಡೆ ನೆಲ ಮುಟ್ಟುವಲ್ಲಿ ನೆಲದ ಮೇಲಿನ ನೆರಳು ಅತಿ ಕಪ್ಪು, ದೂರ ಹೋದಂತೆ ತಿಳಿ. ಉಂಡೆಯ ಕತ್ತಲ ಬದಿಯ ತಳದಲ್ಲಿ ನೆಲದಿಂದ ಪುಟಿದ ಒಂದು ಮರುಬೆಳಕು ಕಾಣುತ್ತದೆ. ಅದನ್ನು ಕಂಡ ಖುಷಿಗೆ ಎಲ್ಲರೂ ಬೆಳ್ಳಗೆ ಮಾಡಿಬಿಡುತ್ತಾರೆ. ಅದು ನೆರಳಿನ ಮನೆಯದು. ಬೆಳಕಿನ ಬದಿಯಲ್ಲಿ ಅತಿ ಮಬ್ಬಾದ ಜಾಗಕ್ಕಿಂತಲೂ ಅದು ಮಬ್ಬಾಗಿಯೇ ಇರಬೇಕು.

ಬೆರಳಿನಿಂದ ತಿಕ್ಕಬೇಡಿ. ತಿಕ್ಕಿದರೆ ನಯ ಬರುತ್ತದೆ ನಿಜ, ಆದರೆ ಬೆರಳಿನ ಎಣ್ಣೆ ಹಾಳೆಗೆ ಹತ್ತಿ, ಮೇಲೆ ಮತ್ತೆ ಪೆನ್ಸಿಲ್ ಹಿಡಿಯುವುದಿಲ್ಲ. ಆಕಾರ ತಿರುಗುವ ದಿಕ್ಕಿನಲ್ಲೇ ಗೆರೆಗಳನ್ನು ಒತ್ತಾಗಿ ಎಳೆದು ನೆರಳು ತುಂಬುವುದನ್ನು ರೂಢಿ ಮಾಡಿಕೊಳ್ಳಿ.

ಸೂರ್ಯ ನಿಲ್ಲುವುದಿಲ್ಲ ಎಂಬುದೂ ನೆನಪಿರಲಿ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ, ಅರ್ಧ ಗಂಟೆಯಲ್ಲಿ ನೆರಳು ಜರುಗಿರುತ್ತದೆ. ಮೊದಲು ಗುರುತು ಹಾಕಿದ ಗಡಿಗೇ ಅಂಟಿಕೊಳ್ಳಿ, ಜರುಗುವ ನೆರಳಿನ ಹಿಂದೆ ಓಡಬೇಡಿ.

ಎರಡನೇ ವಾರ ಮಣ್ಣಿನ ಗಡಿಗೆ, ಮಡಿಕೆಬಿದ್ದ ಟವೆಲ್. ಮೂರನೇ ವಾರ ಒಂದು ಕಿನ್ನಾಳದ ಗೊಂಬೆ ಸಿಕ್ಕರೆ ಎದುರಿಗಿಡಿ. ಕೊಪ್ಪಳದ ಪಕ್ಕದ ಆ ಊರಿನ ಚಿತ್ರಗಾರರು ಹಗುರ ಮರದಲ್ಲಿ ಮಾಡಿ, ಕಡು ಬಣ್ಣ ಬಳಿಯುವ ಗೊಂಬೆಗಳವು. ಅಲ್ಲೇ ಪರೀಕ್ಷೆ: ಕಡುಗೆಂಪು ಸೀರೆ ಬೆಳಕಿನಲ್ಲಿದೆ, ಹಳದಿ ಮುಖ ನೆರಳಿನಲ್ಲಿದೆ, ಈಗ ಯಾವುದು ಹೆಚ್ಚು ಕಪ್ಪು? ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ನಿಮ್ಮ ತೀರ್ಮಾನ ಹಾಳೆಗೆ ಇಳಿಸಿದ ಮೇಲೆ, ಮುಂಚೆ ಅಲ್ಲ, ಫೋನಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ಹೋಲಿಸಿ. ಇಡೀ ತಯಾರಿಯಲ್ಲಿ ಫೋನಿಗೆ ನಾನು ಕೊಡುವ ಕೆಲಸ ಇದೊಂದೇ.

ಹಂತ 6: ಮನುಷ್ಯರು, ದನಕರು (ಉಳಿದ ದಿನಗಳುದ್ದಕ್ಕೂ)

ಇಲ್ಲಿಂದ ಮುಂದೆ ವಾರದಲ್ಲಿ ಮೂರು ದಿನ ಹೊರಗೆ. ಜೆಸ್ಚರ್ ಅನ್ನುವುದು ಭಂಗಿಯನ್ನು ಅರ್ಧ ನಿಮಿಷದಿಂದ ಎರಡು ನಿಮಿಷದೊಳಗೆ ಹಿಡಿಯುವ ಚಿತ್ರ. ಮುಖ, ಬೆರಳು, ಗುಂಡಿ ಯಾವುದೂ ಬೇಡ. ತಲೆಯಿಂದ ಬೆನ್ನು ಹಿಡಿದು ಭಾರ ಬಿದ್ದ ಪಾದದವರೆಗೆ ಒಂದು ಗೆರೆ, ಹೆಗಲ ಓರೆ, ಸೊಂಟದ ಓರೆ, ಅಷ್ಟಕ್ಕೇ ‘ಇವರು ಮೂಟೆ ಹೊತ್ತಿದ್ದಾರೆ’ ಅಂತ ಗೊತ್ತಾಗಬೇಕು.

ಆರಂಭಕ್ಕೆ ಎಮ್ಮೆಗಿಂತ ಒಳ್ಳೆಯ ಮಾಡೆಲ್ ಇಲ್ಲ. ಮಲಗಿ ಮೆಲುಕು ಹಾಕುತ್ತ ಬಹಳ ಹೊತ್ತು ಹಾಗೇ ಇರುತ್ತದೆ, ‘ನನ್ನ ಹಾಗೆ ಬಂದಿಲ್ಲ’ ಅಂತ ಅನ್ನುವುದಿಲ್ಲ. ಆಮೇಲೆ ಸಂತೆ. ಕೊಳ್ಳುವವರು ಓಡಾಡುತ್ತಾರೆ, ಮಾರುವವರು ಕೂತಿರುತ್ತಾರೆ, ಮಾರುವವರಿಂದ ಶುರು ಮಾಡಿ. ಬಸ್ ಸ್ಟ್ಯಾಂಡಿನ ಬೆಂಚು, ಮಿರ್ಚಿ ಬಂಡಿ, ಟಂಟಂ ಮೇಲೆ ಕೂತ ಜನ. ಅರ್ಧ ತೆಗೆಯುವಷ್ಟರಲ್ಲಿ ಆ ಮನುಷ್ಯ ಎದ್ದು ಹೋದನಾ? ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಬ್ಬರನ್ನು ಹಿಡಿಯಿರಿ. ಒಂದು ಹಾಳೆಯಲ್ಲಿ ಹತ್ತು ಅರೆಬರೆ ಮನುಷ್ಯರಿದ್ದರೆ ಅದು ಒಳ್ಳೆಯ ಹಾಳೆ.

ಯಾರಾದರೂ ಬಂದು “ಏನ್ ತಗ್ಯಾಕತ್ತೀಪಾ ತಮ್ಮಾ?” ಅಂತ ಕೇಳೇ ಕೇಳುತ್ತಾರೆ. ಮುಚ್ಚಿಡಬೇಡಿ, ತೋರಿಸಿ. ಹತ್ತಿರದಿಂದ ಒಬ್ಬರನ್ನೇ ನೋಡಿ ತೆಗೆಯುವುದಾದರೆ ಮೊದಲೇ “ಯಕ್ಕಾ, ನಿಮ್ದೊಂದು ಚಿತ್ರ ತಗೀಲೇನ್ರಿ?” ಅಂತ ಕೇಳಿ. ಬೇಡ ಅಂದರೆ ಬೇಡ. ಹುಡುಗಿಯರು ಹೊರಗೆ ಹೋಗುವಾಗ ಗೆಳತಿಯೊಬ್ಬಳನ್ನು ಜೊತೆ ಮಾಡಿಕೊಂಡರೆ ಗುಂಪು ಕೂಡಿದಾಗ ಧೈರ್ಯ. ಹೊರಗೆ ಆಗದ ದಿನ ಮನೆಯಲ್ಲಿ ಅಡುಗೆ ಮಾಡುವವರು, ನಿದ್ದೆ ಹೋದ ಅಜ್ಜ, ಕನ್ನಡಿಯಲ್ಲಿ ನೀವು.

ಅಳತೆಗೆ ನಾಲ್ಕು ಮಾತು ನೆನಪಿರಲಿ. ನಿಂತ ವಯಸ್ಕರ ಎತ್ತರ ಅವರ ತಲೆಯ ಸುಮಾರು ಏಳೂವರೆ ಪಟ್ಟು. ಕಣ್ಣು ತಲೆಯ ಸರೀ ನಡುವೆ ಬರುತ್ತದೆ. ಹಣೆ, ನೆತ್ತಿಗೆ ಜಾಗ ಕೊಡದೆ ಕಣ್ಣನ್ನು ಮೇಲೇರಿಸುವುದು ಎಲ್ಲರೂ ಮಾಡುವ ತಪ್ಪು. ಅಂಗೈ ಬೆರಳು ಸೇರಿ ಗದ್ದದಿಂದ ಕೂದಲಿನ ಅಂಚಿನವರೆಗೆ. ಪಾದ ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ. ನಮ್ಮ ಹುಡುಗರು ತೆಗೆದ ಮನುಷ್ಯರ ಕೈಕಾಲು ಯಾವಾಗಲೂ ಕೂಸಿನ ಕೈಕಾಲು.

ಹಂತ 7: ಬಂಡೆ, ಬೀದಿ, ಹಳಿ

ಪರ್ಸ್‌ಪೆಕ್ಟಿವ್ ಅಂದರೆ ದೂರ ಹೋದಂತೆ ವಸ್ತು ಸಣ್ಣದಾಗಿ ಕಾಣುವ ನಿಯಮ. ಅದಕ್ಕೆ ಕೊಪ್ಪಳ ರೈಲು ನಿಲ್ದಾಣ ಸಾಕು. ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದುಕೊಂಡು ಹೋಗಿ ಬೆಂಚಿನ ಮೇಲೆ ಕೂತುಕೊಳ್ಳಿ. ಹಳಿ, ಪ್ಲಾಟ್‌ಫಾರ್ಮಿನ ಅಂಚು, ಚಾವಣಿಯ ಸಾಲು ಎಲ್ಲ ಒಂದೇ ಬಿಂದುವಿಗೆ ಓಡುತ್ತವೆ, ಆ ಬಿಂದು ನಿಮ್ಮ ಕಣ್ಣಿನ ಮಟ್ಟದಲ್ಲಿರುತ್ತದೆ. ಮೊದಲು ಆ ಮಟ್ಟದ ಅಡ್ಡಗೆರೆ ಎಳೆದುಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಬಂಡೆ ಬೇರೆ ಪಾಠ. ಆನೆಗೊಂದಿಯ ಕಡೆಯವರು, ಬಳ್ಳಾರಿಯ ಕೋಟೆ ಗುಡ್ಡದ ಕೆಳಗೆ ಬೆಳೆದವರು ಪುಣ್ಯವಂತರು, ಇಂಥ ಮಾದರಿ ಮೈಸೂರಿನವರಿಗೆ ಇಲ್ಲ. ಬಂಡೆಗಳನ್ನು ಆಲೂಗಡ್ಡೆ ಹಾಗೆ ದುಂಡು ಗೆರೆಯಲ್ಲಿ ಪೇರಿಸಬೇಡಿ. ಪ್ರತಿ ಬಂಡೆಗೂ ಒಂದು ನೆತ್ತಿ, ಒಂದು ಪಕ್ಕ, ಒಂದು ಅಡಿ ಇದೆ. ನೆತ್ತಿಗೆ ಬರೀ ಹಾಳೆ, ಪಕ್ಕಕ್ಕೆ ನಡುವಿನ ಟೋನ್, ಎರಡು ಬಂಡೆ ಕೂಡುವ ಸಂದಿಗೆ ಅತಿ ಕಪ್ಪು, ಇಷ್ಟೇ ಮೂರು ಟೋನ್‌ನಲ್ಲಿ ಗುಡ್ಡ ಕಟ್ಟಿ ನೋಡಿ. ಬೆಳಿಗ್ಗೆ 7ರೊಳಗೆ ಅಥವಾ ಸಂಜೆ 5ರ ಮೇಲೆ ಹೋಗಿ. ನಡುಮಧ್ಯಾಹ್ನ ನೆರಳೆಲ್ಲ ಕಾಲಡಿ ಸೇರಿ ಗುಡ್ಡ ಚಪ್ಪಟೆಯಾಗಿರುತ್ತದೆ, ನಿಮಗೆ ಬಿಸಿಲು ಬಡಿಯುವುದು ಬೇರೆ. ಟೊಪ್ಪಿಗೆ, ಎರಡು ಬಾಟಲಿ ನೀರು, ಕೂಡುವ ಮುಂಚೆ ಸಂದಿಯಲ್ಲಿ ಹಾವು-ಚೇಳು ನೋಡಿಕೊಳ್ಳುವುದು, ಇವನ್ನು ನಾನು ಹೇಳಬೇಕಿಲ್ಲ.

ಹಂತ 8: ನೆನಪಿನಿಂದ ತೆಗೆಯುವುದು

ಕಾಂಪೊಸಿಷನ್, ಅಂದರೆ ಸಂಯೋಜನೆ, ಪ್ರವೇಶ ಪರೀಕ್ಷೆಗಳಲ್ಲಿ ಸಾಮಾನ್ಯ. ‘ಸಂತೆ’, ‘ಜಾತ್ರೆ’, ‘ಬಸ್ ನಿಲ್ದಾಣ’ ಈ ಥರದ ವಿಷಯ ಕೊಟ್ಟು ಮನಸ್ಸಿನಿಂದ ತೆಗೆಯಿರಿ ಅನ್ನುತ್ತಾರೆ. ಫೋಟೊ ನಕಲಿನಲ್ಲಿ ಬೆಳೆದ ಕೈ ಇಲ್ಲಿ ನಿಂತೇ ಬಿಡುತ್ತದೆ.

ದಿನಾ ಹತ್ತು ನಿಮಿಷದ ಅಭ್ಯಾಸ: ಚಹಾ ಅಂಗಡಿಯ ಎದುರು ಐದು ನಿಮಿಷ ಸುಮ್ಮನೆ ನಿಂತು ನೋಡಿ. ಯಾರು ಎಲ್ಲಿ, ಯಾರ ಹಿಂದೆ ಯಾರು, ಕೆಟಲ್ ಯಾವ ಕೈಯಲ್ಲಿ. ಮನೆಗೆ ಬಂದು ತೆಗೆಯಿರಿ. ಮಾರನೇ ದಿನ ಅಲ್ಲಿಗೇ ಹೋಗಿ ಏನು ಮರೆತಿದ್ದಿರಿ ನೋಡಿ. ಎರಡು ವಾರದಲ್ಲಿ ಕಣ್ಣು ತಾನೇ ಲೆಕ್ಕ ಇಟ್ಟುಕೊಳ್ಳಲು ಕಲಿಯುತ್ತದೆ.

ದೊಡ್ಡ ಹಾಳೆಗೆ ಕೈ ಹಾಕುವ ಮುಂಚೆ ಬೆಂಕಿಪೆಟ್ಟಿಗೆ ಗಾತ್ರದ ನಾಲ್ಕು ಚೌಕಟ್ಟಿನಲ್ಲಿ ಅದೇ ವಿಷಯವನ್ನು ನಾಲ್ಕು ರೀತಿ ಜೋಡಿಸಿ. ಒಬ್ಬ ಮನುಷ್ಯ ತೀರಾ ಹತ್ತಿರ, ಅಂಚಿನಲ್ಲಿ ಅರ್ಧ ಕತ್ತರಿಸಿದ ಹಾಗೆ. ಇಬ್ಬರು ಮೂವರು ನಡುವೆ, ಒಬ್ಬರಿಗೊಬ್ಬರು ಮರೆಯಾಗಿ. ಉಳಿದವರು ದೂರದಲ್ಲಿ ಸಣ್ಣಗೆ. ಎಲ್ಲರನ್ನೂ ಗ್ರೂಪ್ ಫೋಟೊ ತರಹ ಸಾಲಾಗಿ ನಿಲ್ಲಿಸಿದರೆ ಎಷ್ಟು ಚಂದ ತೆಗೆದರೂ ಅಂಕ ಬರುವುದು ಕಷ್ಟ.

ಹಂತ 9: ಭಾನುವಾರದ ಕೆಲಸ

ಆ ವಾರದ ಹಾಳೆಗಳನ್ನೆಲ್ಲ ನೆಲದ ಮೇಲೆ ಹರವಿ, ಎದ್ದು ನಿಂತು ನೋಡಿ. ಚಿತ್ರವನ್ನು ಕನ್ನಡಿಗೆ ಹಿಡಿದರೆ ವಾಲಿದ್ದು, ಸೊಟ್ಟಗಾದದ್ದು ತಟ್ಟನೆ ಕಾಣುತ್ತದೆ. ಮುಂದಿನ ವಾರ ತಿದ್ದಬೇಕಾದ ಒಂದೇ ಒಂದು ತಪ್ಪನ್ನು ಬರೆದಿಡಿ. ಐದು ಬರೆದರೆ ಒಂದೂ ತಿದ್ದುವುದಿಲ್ಲ.

ಪೋರ್ಟ್‌ಫೋಲಿಯೊಗೆ ಹಾಳೆ ಆರಿಸುವಾಗ ಆ ನಟರ ಮುಖಗಳನ್ನು ಒಂದಕ್ಕೆ ಇಳಿಸಿ, ಬೇಕಿದ್ದರೆ ಅದನ್ನೂ ಬಿಡಿ. ಸಂತೆಯ ಅರೆಬರೆ ಗೆರೆಗಳ ಹಾಳೆ, ಬಂಡೆ, ಗಡಿಗೆ, ನೆನಪಿನ ಚಿತ್ರ ಇವು ಇರಲಿ. ನಿಮ್ಮ ಎದುರು ಕೂತವರು ನಕಲು ಚಿತ್ರಗಳನ್ನು ಸಾವಿರ ನೋಡಿರುತ್ತಾರೆ. ಇದ್ದಿಲು ಚಿತ್ರಗಳ ನಡುವೆ ಬಟರ್ ಪೇಪರ್ ಇಡಿ, ಇಲ್ಲದಿದ್ದರೆ ಒಂದರ ಮುಖ ಇನ್ನೊಂದಕ್ಕೆ ಹತ್ತುತ್ತದೆ. ಕಟ್ಟನ್ನು ಗೋಡೆ ಬದಿಗೆ ನೆಲದ ಮೇಲಿಡಬೇಡಿ. ನಾನು ಹಾಗೆ ಇಟ್ಟ ನನ್ನ ಮೊದಲ ವರ್ಷದ ಹಾಳೆಗಳನ್ನು ಗೆದ್ದಲು ತಿಂದು ಮುಗಿಸಿತ್ತು. ಕಪಾಟಿನ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ.

ಉಳಿದ ಪ್ರಶ್ನೆಗಳು

ಬಣ್ಣ ಯಾವಾಗ? ಐದನೇ ಹಂತ ಮುಗಿದ ಮೇಲೆ ಭಾನುವಾರ ಮಾತ್ರ ಜಲವರ್ಣ. ಟೋನ್ ಬಾರದೆ ಬಣ್ಣಕ್ಕೆ ಹೋದರೆ ಬಣ್ಣ ಗಲೀಜಾಗುತ್ತದೆ.

ಲೋವರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದೇನೆ, ಇದೆಲ್ಲ ಬೇಕಾ? ಬೇಕು. ಅಲ್ಲಿ ಕಲಿತ ಜ್ಯಾಮಿತಿ, ವಸ್ತುಚಿತ್ರ ನಿಮ್ಮ ಕೆಲಸಕ್ಕೆ ಬರುತ್ತದೆ, ನಾಲ್ಕನೇ ಹಂತ ಬೇಗ ಮುಗಿಯುತ್ತದೆ.

ಯೂಟ್ಯೂಬ್ ನೋಡಬಹುದಾ? ಮುಕ್ಕಾಲು ಗಂಟೆ ತೆಗೆದಾದ ಮೇಲೆ. ನೋಡುವುದನ್ನು ಅಭ್ಯಾಸದ ಲೆಕ್ಕಕ್ಕೆ ಸೇರಿಸಬೇಡಿ.

ಅಪ್ಪ ಬೇಡ ಅನ್ನುತ್ತಾರೆ. ಇದಕ್ಕೆ ನನ್ನ ಹತ್ತಿರ ಹಂತ ಒಂದು, ಹಂತ ಎರಡು ಇಲ್ಲ. ತಾರೀಖು ಬರೆದ ಹಾಳೆಗಳ ಕಟ್ಟನ್ನು ಮೊದಲಿನದು ಮೇಲೆ, ಕೊನೆಯದು ಕೆಳಗೆ ಬರುವಂತೆ ಜೋಡಿಸಿ ಅವರ ಮುಂದೆ ಇಡದೆ, ಅವರು ದಿನಾ ಕೂಡುವ ಜಾಗದ ಪಕ್ಕದಲ್ಲಿಡಿ. ಒಂದಲ್ಲ ಒಂದು ದಿನ ತಿರುವಿ ನೋಡುತ್ತಾರೆ.

ಪರೀಕ್ಷೆಗೆ ಹೊರಡುವ ದಿನ ಹೊಸ ಪೆನ್ಸಿಲ್ ಒಯ್ಯಬೇಡಿ, ನಾಲ್ಕು ತಿಂಗಳು ಹಿಡಿದವನ್ನೇ ಹಿಂದಿನ ರಾತ್ರಿ ಕೆತ್ತಿಟ್ಟುಕೊಳ್ಳಿ. ಹಲಗೆಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹಗ್ಗ ಕಟ್ಟಿದರೆ ರಾತ್ರಿ ಬಸ್ಸಿನಲ್ಲಿ ಸೀಟಿನ ಪಕ್ಕ ನಿಲ್ಲಿಸಬಹುದು. ಹಾಳೆಗಳ ಕಟ್ಟು ಮಾತ್ರ ಡಿಕ್ಕಿಗೆ ಹಾಕಬೇಡಿ, ತೊಡೆ ಮೇಲಿರಲಿ.